ಖಾಲಿ ಮೊಳೆ

"ಚೀಟಿ ಎಲ್ಲಿ?" ಎಂದ ಮುದುಕ ತಲೆಯೆತ್ತಿಯೂ ನೋಡಲಿಲ್ಲ. ಸಿಗ್ನಲ್ ಕ್ಯಾಬಿನ್ನಿನ ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿಕೊಂಡು, ಒಂದು ಕಾಲನ್ನು ನೀಳವಾಗಿ ಚಾಚಿ ಕೂತಿದ್ದ. ಎದೆಯ ಮೇಲೆ 'ಸ್ವಯಂಸೇವಕ' ಎಂಬ ಬಿಲ್ಲೆ.

"ಕೆಳಗೆ ತೋರಿಸಿದ್ವಲ್ಲ," ಎಂದಳು ತಾಯಿ, ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ.

"ಕೆಳಗಿಂದು ಕೆಳಗೆ. ಇಲ್ಲಿ ನಾನು ನೋಡ್ಬೇಕು."

ಮಗಳು ಚೀಲದಲ್ಲಿ ಕೈಯಾಡಿಸಿದಳು. ಬೆರಳಿಗೆ ಮೊದಲು ತಗುಲಿದ್ದು ಬಟ್ಟೆ ಸುತ್ತಿದ ಕಬ್ಬಿಣದ ಬಳೆ. ಅದರಡಿಯಲ್ಲಿ ಚೀಟಿಗಳು ಮುದುಡಿಕೊಂಡಿದ್ದವು. ಮುದುಕ ಅವನ್ನು ಬೆಳಕಿಗೆ ಹಿಡಿದು ನೋಡಿ, ಕಾಲನ್ನು ಕೈಯಿಂದಲೇ ಎತ್ತಿ ಪಕ್ಕಕ್ಕಿಟ್ಟು ದಾರಿ ಬಿಟ್ಟ.

ಗಾಡಿಗಳು ನಿಂತುಹೋದ ಈ ನಿಲ್ದಾಣವನ್ನು ಕೆಲವು ನಿವೃತ್ತರು ಸೇರಿ ಮ್ಯೂಸಿಯಂ ಮಾಡಿಕೊಂಡಿದ್ದರು. ಭಾನುವಾರ ಮಾತ್ರ ತೆರೆಯುತ್ತಿತ್ತು. ಕ್ಯಾಬಿನ್ನಿನೊಳಗೆ ಎಣ್ಣೆಯ ವಾಸನೆ, ಸಾಲಾಗಿ ನಿಂತ ಎದೆಯೆತ್ತರದ ಲಿವರುಗಳು. ಕ್ಯಾಮೆರಾ ನೇತುಹಾಕಿಕೊಂಡಿದ್ದವನೊಬ್ಬ ನಡುವಿನ ಲಿವರನ್ನು ಎಳೆದು ನೋಡುತ್ತಿದ್ದ. ಎಳೆದಾಗಲೆಲ್ಲ ಹೊರಗೆ ದೂರದಲ್ಲಿ ಸಿಗ್ನಲ್ಲಿನ ಕೈ ಲೊಟಕ್ಕನೆ ಮೇಲೇಳುತ್ತಿತ್ತು. ಮುದುಕ ಬೇಡವೆನ್ನಲಿಲ್ಲ.

ಅಪ್ಪ ಕೆಲಸ ಮಾಡಿದ್ದು ಇದೇ ಕೋಣೆಯಲ್ಲಿ. ಅವನು ತೀರಿಕೊಂಡ ಮೇಲೆ ಅವನ ಟ್ರಂಕಿನ ತಳದಲ್ಲಿ, ಸಮವಸ್ತ್ರದ ಹರಿದ ತೋಳಿನಲ್ಲಿ ಸುತ್ತಿಟ್ಟ ಬಳೆ ಸಿಕ್ಕಿತ್ತು. ಅದನ್ನು ಮ್ಯೂಸಿಯಮ್ಮಿಗೆ ಕೊಟ್ಟು, ಪ್ರತಿಯಾಗಿ ಇಲ್ಲಿ ಅವನ ಹೆಸರಿನದೊಂದು ಬೋರ್ಡು ಹಾಕಿಸಬೇಕೆನ್ನುವುದು ತಾಯಿಯ ಆಸೆ. ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದಳು.

"ನಮ್ಮ ಯಜಮಾನ್ರು ಇಲ್ಲೇ ಇದ್ದಿದ್ದು. ಎಲ್ಲರೂ ಮೀಸೆ ಸಾಹೇಬ್ರು ಅಂತಿದ್ರು," ಎಂದು ಶುರು ಮಾಡಿದಳು.

ಮುದುಕ ಈಗ ತಲೆಯೆತ್ತಿದ.

"ಗೊತ್ತಾ ನಿಮಗೆ?" ತಾಯಿಯ ಮುಖ ಅರಳಿತು.

"ಗೊತ್ತು." ಊರುಗೋಲಿನಿಂದ, ಮತ್ತೆ ಅಡ್ಡ ಚಾಚಿಕೊಂಡಿದ್ದ ಕಾಲಿಗೆ ಬಡಿದ. ಮರದ ಸದ್ದು ಬಂತು. "ಇದಕ್ಕೂ ಗೊತ್ತು."

ತಾಯಿ ಬಾಯಿಪಾಠದ ಮುಂದಿನ ಸಾಲನ್ನು ನುಂಗಿಕೊಂಡಳು. ಅಷ್ಟರಲ್ಲಿ ಕ್ಯಾಮೆರಾದವನು ಗೋಡೆಯತ್ತ ಬಗ್ಗಿ, "ಇದೇನ್ರೀ, ಖಾಲಿ ಮೊಳೆಗೂ ಬೋರ್ಡು ಹಾಕಿದೀರಿ?" ಎಂದು ನಕ್ಕು, ಜೋರಾಗಿ ಓದಿದ. "'ಬಳೆ. ಈ ಕ್ಯಾಬಿನ್ನಿಗೆ ಕೊಟ್ಟಿದ್ದರು. ಈಗ ಇಲ್ಲ.'"

"ನಾನೇ ಬರೆದಿದ್ದು," ಎಂದ ಮುದುಕ. ಉತ್ತರ ಕ್ಯಾಮೆರಾದವನಿಗೆ, ಕಣ್ಣು ತಾಯಿಯ ಮೇಲೆ. "ಅಲ್ಲಿ ಸಿಗ್ನಲ್ ಹತ್ರ ಒಂದು ಗಾಡಿ ನಿಂತಿದ್ರೆ, ಹಿಂದಿನ ಗಾಡಿಗೆ ದಾರಿ ಕೊಡೋ ಲಿವರ್‌ಗೆ ಬಳೆ ತೊಡಿಸ್ಬೇಕು. ಆಮೇಲೆ ಮರೆತು ಕೈ ಹಾಕಿದ್ರೂ ಎಳೆಯೋಕಾಗಲ್ಲ. ಒಂದು ಮಂಜಿನ ಬೆಳಿಗ್ಗೆ ನಮ್ಮ ಗಾಡಿ ಅಲ್ಲಿ ನಿಂತಿತ್ತು. ನಾನು ಫೈರ್‌ಮನ್, ಇಂಜಿನ್ನಿಗೆ ಕಲ್ಲಿದ್ದಲು ಹಾಕೋನು. ಇಳಿದು ಇಲ್ಲಿಗೆ ಬಂದು, ನಾವು ನಿಂತಿದೀವಿ, ಬಳೆ ಹಾಕಿ ಅಂದೆ. ಹೋಗಯ್ಯಾ, ನನಗೆ ನೆನಪಿರುತ್ತೆ ಅಂದ್ರು ನಿಮ್ಮ ಸಾಹೇಬ್ರು. ನಾನು ವಾಪಸ್ ಹೋಗಿ ಇಂಜಿನ್ ಹತ್ತೋ ಹೊತ್ತಿಗೆ ಇವ್ರು ಮರೆತು ಲಿವರ್ ಎಳೆದಿದ್ರು, ಹಿಂದಿನಿಂದ ಇನ್ನೊಂದು ಬಂದು ಗುದ್ದಿತು."

"ಅದೆಲ್ಲ ವಿಚಾರಣೆ ಆಗಿ ಮುಗಿದಿದ್ದು," ಎಂದಳು ತಾಯಿ.

"ಆಯ್ತಲ್ಲ. ಬಳೆ ಕೊಟ್ಟೇ ಇರ್ಲಿಲ್ಲ ಅಂತ ಹೇಳಿದ್ರು ಅವ್ರು. ಬಳೆ ಇಲ್ಲದ ಕ್ಯಾಬಿನ್ನಲ್ಲಿ, ತನ್ನ ಗಾಡಿ ಹೊರಡೋವರೆಗೂ ನೆನಪಿಸೋಕೆ ಫೈರ್‌ಮನ್ ಕದಲದೆ ಕೂತಿರ್ಬೇಕು, ನಿಯಮ ಅದು. ನಾನು ಎದ್ದು ಹೋಗಿದ್ದೇ ತಪ್ಪು ಅಂತಾಯ್ತು. ಹಿಂದೆ ಬಂದಾಗ ಬಳೆ ಕಣ್ಣಾರೆ ನೋಡಿದೀನಿ ಸ್ವಾಮಿ ಅಂದೆ. ಸುಳ್ಳ ಅಂದ್ರು. ಕಾಲು ಹೋಯ್ತು, ಕೆಲಸ ಹೋಯ್ತು, ಆ ಹೆಸರು ಮಾತ್ರ ಹೋಗ್ಲಿಲ್ಲ."

"ಸತ್ತವರು ಎದ್ದು ಬಂದು ಜವಾಬು ಕೊಡಲ್ಲ ಅಂತ ಗೊತ್ತಿದ್ದೇ ಮಾತಾಡ್ತಿದೀರಿ."

"ಬದುಕಿದ್ದಾಗ ಕೊಟ್ಟ ಜವಾಬೇ ಸಾಕಾಗಿದೆ ತಾಯಿ."

ಕ್ಯಾಮೆರಾದವನು ಮಸೂರ ಒರೆಸುವ ನೆಪದಲ್ಲಿ ಮೂಲೆ ಸೇರಿದ.

ಮಗಳು ಮೊಳೆಯನ್ನೇ ನೋಡುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಕೂಡಲೇ ಕೋಣೆಯ ಬಾಗಿಲ ಹಿಡಿಕೆಗೆ ಒಂದು ಕೆಂಪು ಬಳೆ ಬೀಳುತ್ತಿತ್ತು. ಅದು ಇರುವಷ್ಟು ಹೊತ್ತು ಮನೆಯಲ್ಲಿ ಯಾರೂ ಸೀನುವಂತಿಲ್ಲ. "ಒಳಗೆ ಗಾಡಿ ನಿಂತಿದೆ ಪುಟ್ಟಾ," ಎನ್ನುತ್ತಿದ್ದ ಅಪ್ಪ, ಎದ್ದಮೇಲೆ ಅವಳ ಮೂಗು ಹಿಂಡಿ. ಆಮೇಲೊಂದು ದಿನ, ಎಲ್ಲರೂ ಅಪಘಾತ ಅಪಘಾತ ಎಂದು ಪಿಸುಗುಟ್ಟುತ್ತಿದ್ದಾಗ, ಬಳೆ ಬಾಗಿಲಿನಿಂದ ಕಾಣೆಯಾಯಿತು. ಎಲ್ಲಿ ಎಂದು ಅವಳು ಕೇಳಿದ್ದಕ್ಕೆ ಅಮ್ಮ ಗದರಿದ್ದಳು. ಟ್ರಂಕಿನಿಂದ ಅದು ಹೊರಬಿದ್ದಾಗ, "ನಿವೃತ್ತಿ ದಿನ ನೆನಪಿಗೆ ಅಂತ ಕೊಟ್ಟಿದ್ದು" ಎಂದವಳೂ ಅಮ್ಮನೇ. ಮಗಳು ಆಗ ಒಳಗೊಳಗೇ ಅಳುಕಿದ್ದಳು, ಕೇಳಿರಲಿಲ್ಲ. ಅವಳು ಏನನ್ನೂ ಕೇಳುತ್ತಿದ್ದವಳಲ್ಲ.

ಚೀಲದ ಬಾಯಿಯ ಮೇಲೆ ತಾಯಿಯ ಕೈ ಬಂದು ಬಿಗಿಯಾಯಿತು. "ನಡಿ. ಬಸ್ಸು ಹೋಗುತ್ತೆ."

ಮಗಳು ಕದಲಲಿಲ್ಲ.

"ನಡಿ ಅಂದ್ನಲ್ಲ." ದನಿ ತಗ್ಗಿತು. "ಅವರ ಹೆಸರೊಂದಾದ್ರೂ ನೆಟ್ಟಗಿರ್ಲಿ. ನಿನ್ನ ದಮ್ಮಯ್ಯ."

ಅಮ್ಮ ತನಗೆ ದಮ್ಮಯ್ಯ ಎನ್ನುವುದನ್ನು ಮಗಳು ಮೊದಲ ಸಲ ಕೇಳಿದ್ದಳು. ಒಂದು ಕ್ಷಣ ಅವಳ ಕಾಲು ಬಾಗಿಲಿನತ್ತ ತಿರುಗಿಯೂ ತಿರುಗಿತು. ಆದರೆ ಬಾಗಿಲಿಗೆ ಅಡ್ಡವಾಗಿ ಆ ಮರದ ಕಾಲು ಚಾಚಿಕೊಂಡಿತ್ತು. ಅದನ್ನು ದಾಟಿಯೇ ಹೋಗಬೇಕು.

ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳು ಬಟ್ಟೆಯ ಗಂಟನ್ನು ಹೊರತೆಗೆದು ಬಿಚ್ಚಿದಳು.

"ಯಾವ ಲಿವರ್?"

ಮುದುಕನ ಊರುಗೋಲು ನಡುವಿನ ಲಿವರಿನತ್ತ ಎದ್ದಿತು. ಮಗಳು ಬಳೆಯನ್ನು ಅದರ ತಲೆಯ ಮೇಲಿಂದ ಇಳಿಸಿದಳು. ಅದು ಎಲ್ಲೂ ತೊಡರದೆ ಜಾರಿ ತನ್ನ ಜಾಗದಲ್ಲಿ ಟಕ್ಕೆಂದು ಕೂತಿತು.

ಅವನು ಕುಂಟುತ್ತ ಬಂದು, ಉದುರಿ ಉಳಿದಿದ್ದ ಕೆಂಪು ಬಣ್ಣವನ್ನು ಹೆಬ್ಬೆರಳಿನಿಂದ ಉಜ್ಜಿದ.

"ಎಲ್ಲಿತ್ತು?"

"ಮನೇಲಿ. ಅಪ್ಪ ಮಲಗೋ ಕೋಣೆ ಬಾಗಿಲಿಗೆ."

"ಯಾವಾಗಿಂದ?"

"ನಿಮ್ಮ ಕಾಲು ಹೋಗೋಕೆ ಮುಂಚಿಂದ."

"ನಿನ್ನ ನಾಲಿಗೆಗೆ ಇವತ್ತೇ ಜೀವ ಬರ್ಬೇಕಿತ್ತಾ?" ಎಂದಳು ತಾಯಿ. ಸೆರಗು ಬಿಗಿದುಕೊಂಡು ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲೂ ಬೈದಂತೆ ಸದ್ದಾಯಿತು.

ಮುದುಕ ಮಗಳ ಕಡೆ ತಿರುಗಲಿಲ್ಲ. "ಇದಕ್ಕೋಸ್ಕರ ನಿಮಗೆ ಕೈ ಮುಗೀತೀನಿ ಅಂದ್ಕೋಬೇಡಿ."

"ಅಂದ್ಕೊಂಡಿಲ್ಲ."

"ಬೋರ್ಡೂ ಹಾಕಲ್ಲ."

"ಬೇಡ."

ಅವಳು ಖಾಲಿ ಬಟ್ಟೆಯನ್ನು ಮಡಿಸಿದಳು. ಅದು ಅಪ್ಪನ ತೋಳು ಎಂಬುದು ನೆನಪಾಗಿ, ಮತ್ತೆ ಬಿಡಿಸಿ, ಮೆಲ್ಲಗೆ ಇನ್ನೊಮ್ಮೆ ಮಡಿಸಿದಳು. ಕಿಟಕಿಯಾಚೆ ತಾಯಿ ಹಿಂತಿರುಗಿ ನೋಡದೆ ಪ್ಲಾಟ್‌ಫಾರ್ಮ್ ದಾಟುತ್ತಿದ್ದಳು.

ಮೂಲೆಯಲ್ಲಿದ್ದ ಕ್ಯಾಮೆರಾದವನು ಮುಂದೆ ಬಂದ. "ಎಲ್ಲಿ, ಈಗೊಂದ್ಸಲ ಎಳೆದು ನೋಡೋಣ," ಎಂದು ನಡುವಿನ ಲಿವರಿಗೆ ಕೈಹಾಕಿದ.

ಊರುಗೋಲು ಅವನ ಮುಂಗೈಗೆ ಅಡ್ಡ ಬಂತು.

"ಮುಟ್ಬೇಡಿ," ಎಂದ ಮುದುಕ. "ಅಲ್ಲಿ ಗಾಡಿ ನಿಂತಿದೆ."

ಕ್ಯಾಮೆರಾದವನು ಕಿಟಕಿಯಿಂದ ಕತ್ತು ಚಾಚಿ ನೋಡಿದ. ಸಿಗ್ನಲ್ಲಿನವರೆಗೂ ಹಳಿಗಳ ನಡುವೆ ಮೊಣಕಾಲೆತ್ತರದ ಹುಲ್ಲು, ಗಾಳಿಗೆ ಒಂದೇ ಕಡೆಗೆ ವಾಲುತ್ತಿತ್ತು.