ಅಜ್ಜಿ, ಆಸ್ಪತ್ರೆಯ ಸ್ವತ್ತು

ದಿನ ತುಂಬುವ ಮೊದಲೇ ಅಜ್ಜಿಯ ಮಗಳಿಗೆ ಹೆರಿಗೆಯಾಯಿತು. ಅವಳಿ. ಮೊದಲು ಬಂದ ಗಂಡುಮಗುವನ್ನು ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಹಿಂದೆಯೇ ಬಂದ ಹೆಣ್ಣುಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಸಿಸ್ಟರ್ ಕಂಪ್ಯೂಟರ್ ಮುಂದೆ ನಿಂತುಬಿಟ್ಟಳು. ಪಕ್ಕದಲ್ಲೇ ಪೆಟ್ಟಿಗೆಗಳು ಖಾಲಿ ಬಿದ್ದಿದ್ದವು, ಆದರೆ ಕಂಪ್ಯೂಟರ್ ಹೂಂ ಅನ್ನದೆ ಅವುಗಳ ಬಾಗಿಲು ತೆರೆಯುತ್ತಿರಲಿಲ್ಲ.

"ಒಪ್ತಾ ಇಲ್ಲ ಅಜ್ಜಿ. ಅದೇ ತಾಯಿ, ಅದೇ ದಿನ, ಅದೇ ಹೆರಿಗೆ. ಒಂದನ್ನೇ ಎರಡು ಸಲ ಬರ್ದಿದ್ದೀರ ಅಂತಿದೆ."

ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಸುರಿಯುವ ಚಾಳಿ ಬಿಡಿಸಲೆಂದೇ ಆಸ್ಪತ್ರೆ ಈ ವ್ಯವಸ್ಥೆಯನ್ನು ತಂದಿತ್ತು. ಚಿಕಿತ್ಸೆಯ ಖರ್ಚು ಇಳಿಯುತ್ತದೆ ಎಂದು ಗೋಡೆಗೋಡೆಗೂ ಬರೆಸಿದ್ದರು. ಅದನ್ನು ತರುವುದಕ್ಕೇ ಕೈ ಸುಟ್ಟುಕೊಂಡಿದ್ದರು, ಆ ಮಾತು ಬೇರೆ.

"ಅಲ್ಲಪ್ಪಾ, ಇದು ನಿನ್ನ ಕಣ್ಣಿಗೆ ಮಗು ಥರ ಕಾಣಿಸ್ತಿಲ್ವಾ?" ಎಂದು ಅಜ್ಜಿ ಕಂಪ್ಯೂಟರ್ ಮುಂದೆ ಕೂತಿದ್ದ ಗುಮಾಸ್ತನ ಮೇಲೆ ಹರಿಹಾಯ್ದಳು.

"ಮಗುನೇ ಅಜ್ಜಿ. ಆದ್ರೆ ನಕಲು," ಎಂದ ಆತ, ಬಹಳ ವಿನಯದಿಂದ.

ಕೂಸಿನ ಪಾದ ನೀಲಿಗಟ್ಟುತ್ತಿತ್ತು. ಅಜ್ಜಿ, ಇವರೊಂದಿಗೆ ಬಾಯಿ ನೋಯಿಸಿಕೊಂಡು ಪ್ರಯೋಜನವಿಲ್ಲವೆಂದು ರವಿಕೆಯ ಗುಂಡಿ ಬಿಚ್ಚಿ, ಕೂಸನ್ನು ಬರಿ ಎದೆಗೆ ಅವಚಿಕೊಂಡು, ಶಾಲು ಹೊದ್ದು ಕುರ್ಚಿಯಲ್ಲಿ ಕೂತಳು. ನಿಧಾನವಾಗಿ ಪಾದ ಕೆಂಪಾಯಿತು.

ಔಷಧಿಯ ಗೋಳು ಉಳಿಯಿತು. ಪೆಟ್ಟಿಗೆಯ ಸಂಖ್ಯೆಯಿಲ್ಲದೆ ಒಂದು ಹನಿಯೂ ಬರುವಂತಿರಲಿಲ್ಲ. ಗುಮಾಸ್ತ ತಲೆ ಕೆರೆದುಕೊಂಡು, ಅಜ್ಜಿಯನ್ನೇ ಪೆಟ್ಟಿಗೆಯೆಂದು ದಾಖಲಿಸಿ, ಅವಳ ಮುಂಗೈಗೆ ಸಂಖ್ಯೆಯ ಪಟ್ಟಿ ಕಟ್ಟಿದ. ಕಂಪ್ಯೂಟರ್ ಚಕಾರವೆತ್ತಲಿಲ್ಲ. ಕೂಸಿನ ಔಷಧಿ ಅಜ್ಜಿಯ ರಿಪೇರಿ ಖರ್ಚಿನಲ್ಲಿ ಬಂತು.

ವಾರಗಳು ಕಳೆದವು. ಕರೆಂಟು ತಿನ್ನದ, ಚಹಾ ಕುಡಿದು ಬಿಸಿಯಾಗುವ ಪೆಟ್ಟಿಗೆಯನ್ನು ನೋಡಲು ಆಸ್ಪತ್ರೆಯ ನಿರ್ದೇಶಕರೇ ಬಂದು ಹೋದರು. ಅಜ್ಜಿಗೆ ಮಾತ್ರ ಒಂದೇ ಧ್ಯಾನ: ಎರಡನ್ನೂ ಎತ್ತಿಕೊಂಡು ಮನೆ ಸೇರಬೇಕು.

ಕೊನೆಗೂ ಮನೆಗೆ ಕಳಿಸುವ ದಿನ ಬಂತು. ಮಗಳು ಎರಡು ಕೂಸುಗಳೊಂದಿಗೆ ಕಾರಿನಲ್ಲಿ ಕೂತಳು. ಅಜ್ಜಿ ಗೇಟು ದಾಟುವಾಗ ಅಲ್ಲಿನ ಯಂತ್ರ ಅವಳ ಮುಂಗೈಯ ಪಟ್ಟಿ ಕಂಡು ಕುಯ್ಯೆಂದಿತು.

"ಆಸ್ಪತ್ರೆ ಸಾಮಾನು ಹೊರಗೆ ಬಿಡೋ ಹಾಗಿಲ್ಲ," ಎಂದ ಕಾವಲುಗಾರ.

ನಿರ್ದೇಶಕರು ಓಡಿಬಂದರು. "ಬೇಜಾರು ಮಾಡ್ಕೋಬೇಡಿ ಅಜ್ಜಿ. ಇಷ್ಟೆಲ್ಲಾ ತಂದು ಹಾಕಿದ್ರಲ್ಲಿ ನಿಜವಾಗ್ಲೂ ಖರ್ಚು ಇಳಿಸಿದ್ದು ನೀವೊಬ್ರೇ."

"ನಿಮ್ಮ ತಲೆ," ಎಂದು ಅಜ್ಜಿ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದೆಸೆದಳು. ಯಂತ್ರ ಬಾಯಿ ಮುಚ್ಚಿತು.

ಒಂದು ಕಾಲು ಹೊರಗಿಟ್ಟಿದ್ದಳು, ಅಷ್ಟರಲ್ಲಿ ಸಿಸ್ಟರ್ ಇನ್ನೊಂದು ಟವೆಲ್ ಎತ್ತಿಕೊಂಡು ಏದುಸಿರು ಬಿಡುತ್ತಾ ಬಂದಳು.

"ಈ ಕೂಸಿನ ಅಮ್ಮನಿಗೆ ಹೋದ ವರ್ಷಾನೂ ಇಲ್ಲೇ ಹೆರಿಗೆ ಆಗಿತ್ತು ಅಜ್ಜಿ. ಕಂಪ್ಯೂಟರ್ ಇದನ್ನೂ ನಕಲು ಅಂತಿದೆ."

ಅಜ್ಜಿ ಟವೆಲ್ ಸರಿಸಿ ನೋಡಿದಳು. ತನ್ನ ಮನೆಯವರದಲ್ಲದ ಪುಟ್ಟ ಮುಖ, ತಣ್ಣಗಿತ್ತು. ಅವಳಿಗೆ ಸಿಟ್ಟು ಬಂತು, ಅಳು ಬಂತು. ಎಲ್ಲರಿಗೂ ಹಿಡಿಶಾಪ ಹಾಕುತ್ತಲೇ ಕಾವಲುಗಾರನನ್ನು ಕುರ್ಚಿಯಿಂದ ಎಬ್ಬಿಸಿ, ಕೂತು, ಗುಂಡಿ ಬಿಚ್ಚಿದಳು.

"ನಿಮ್ಮ ಮಗಳ ಮೈಯೂ ಇಷ್ಟೇ ಬೆಚ್ಚಗಿರತ್ತಾ?" ಎಂದು ನಿರ್ದೇಶಕರು ಕಾರಿನತ್ತ ನೋಡುತ್ತಾ ಕೇಳಿದರು.

"ಅಮ್ಮಾ, ಬಾರಮ್ಮಾ," ಎಂದು ಮಗಳು ಕಿಟಕಿಯಿಂದ ಕರೆದಳು.

"ನೀನು ಬೇಗ ಹೊರಡು. ನಾನು ನಾಳೆ ಬರ್ತೀನಿ," ಎಂದಳು ಅಜ್ಜಿ. ಆ ನಾಳೆ ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.