ಸರ್ವರ್ ಬಂದಿಲ್ಲ

"ಏಯ್ ಮುದುಕಿ, ನೆಟ್ಟಗೆ ಒತ್ತೇ! ಹೆಬ್ಬೆಟ್ಟೋ ಎಮ್ಮೆ ಗೊರಸೋ ಇದು?"

ರೇಷನ್ ಅಂಗಡಿ ಕದಿರೇಶ ಹೀಗೆ ಬೈದದ್ದು ನನ್ನ ಹೆಂಡತಿ ಮುತ್ಯಾಲಮ್ಮನನ್ನು. ಶಿವಾರಪಟ್ಟಣದ ಕಲ್ಲುದೇವರುಗಳಲ್ಲಿ ಅರ್ಧದಷ್ಟರ ಕೆನ್ನೆ ಉಜ್ಜಿ ಹೊಳಪು ಕೊಟ್ಟವಳು ಅವಳೇ, ಮಿಕ್ಕರ್ಧ ನಾನು. ಉಜ್ಜಿ ಉಜ್ಜಿ ಅವಳ ಬೆರಳಿನ ಗೆರೆಗಳೂ ದೇವರ ಮೈಗೇ ಹೋದವು.

ಕದಿರೇಶ ಹೊರಗಿನವನಲ್ಲ, ನಮ್ಮ ಕೇರಿಯವನೇ. ಅಂಗಡಿ ಸಾಹುಕಾರನ ಕೈಲಿದ್ದಾಗ ನಾವು ಬೀದಿಯಲ್ಲೇ ನಿಂತು ಚೀಲ ಒಡ್ಡಬೇಕಿತ್ತು. ನಮ್ಮವನಿಗೇ ಅಂಗಡಿ ಸಿಗಲಿ ಎಂದು ಅರ್ಜಿ ಬರೆಸಿ ಐನೂರು ಹೆಬ್ಬೆಟ್ಟು ಒತ್ತಿದೆವು. ಕೇರಿಯಲ್ಲಿ ಇರುವುದೇ ಇನ್ನೂರು ಜನ. ಮಿಕ್ಕ ಮುನ್ನೂರೂ ನನ್ನವು. ಕಾಲಿನ ಬೆರಳುಗಳನ್ನೂ ಬಿಡಲಿಲ್ಲ. ಅಂದು ಅವನು ಮುತ್ಯಾಲಮ್ಮನ ಕಾಲಿಗೆ ಬಿದ್ದು "ಅತ್ತೇ" ಅಂದಿದ್ದ.

ನಿನ್ನೆ ಅವಳು ಒತ್ತಿದಾಗ ಮಿಷಿನ್ನಿನ ಚಕ್ರ ತಿರುಗಿತು, ತಿರುಗಿತು, ಭೂಮಿ ಸೂರ್ಯನನ್ನು ಎರಡು ಸುತ್ತು ಹಾಕುವಷ್ಟು ತಿರುಗಿತು. ಆಮೇಲೆ ಕೆಂಪಕ್ಷರ ಬಂತು.

"ಟೈಮ್ ಔಟ್. ಸರ್ವರ್ ಬಂದಿಲ್ಲ, ನಾಳೆ ಬಾ," ಅಂದ ಕದಿರೇಶ.

"ಯಾವ ಹೋಟ್ಲು ಸರ್ವರ್‌ಲಾ ಅವ್ನು? ನಾಕ್ ದಿನದಿಂದ ಕೆಲ್ಸಕ್ಕೇ ಬರ್ತಿಲ್ಲ, ಓನರ್ರು ಒದ್ದು ಓಡ್ಸಲ್ವಾ?" ಅಂದಳು ಮುತ್ಯಾಲಮ್ಮ.

ಸಾಲೆಲ್ಲ ನಕ್ಕಿತು. ನಾನೂ ನಕ್ಕೆ, ಕೆರೆ ಏರಿ ಬಿರಿಯುವಷ್ಟು.

ಇವತ್ತು ತಿಂಗಳ ಕೊನೆಯ ದಿನ. ತಪ್ಪಿದರೆ ಮನೆಯ ಐದು ಜನದ ಅಕ್ಕಿ ಹೋದಂತೆಯೇ. ನೆಟ್‌ವರ್ಕ್ ಬಂದಿತ್ತು, ಮಿಷಿನ್ ತಟ್ಟನೆ ಉತ್ತರ ಕೊಟ್ಟಿತು.

"ನಿಂದು ನೆನ್ನೇನೇ ತಗೊಂಡಾಗೈತೆ," ಅಂದ ಕದಿರೇಶ, ಅದನ್ನು ಓದಿ.

"ತಗೊಂಡಿದ್ದು ನಿಮ್ ತಾತಾನಾ? ಬರೀ ಚೀಲ ಮಡಚ್ಕೊಂಡು ಹೋಗಿದ್ದು ನೀನೇ ನೋಡ್ಲಿಲ್ವೇನ್ಲಾ?"

"ಹೆಬ್ಬೆಟ್ಟು ಸರ್ವರಿಗೆ ಮುಟ್ಟೈತೆ. ಮುಟ್ತು ಅಂತ ವಾಪಸ್ ಹೇಳೋ ಹೊತ್ಗೆ ಲೈನ್ ಕಟ್ ಆಗೈತೆ. ಅವರ ಪ್ರಕಾರ ನೀನ್ ತಗೊಂಡಂಗೇ."

"ಹಂಗಾದ್ರೆ ನನ್ ಅಕ್ಕಿ ನಿನ್ ಹತ್ರಾನೇ ಐತೆ. ಕೊಡು."

ಅವನ ಬೆನ್ನ ಹಿಂದೆ ಗೋಡೆಗೊರಗಿ ಮೂಟೆಗಳಿದ್ದವು. ಅವನು ಅತ್ತ ನೋಡಲಿಲ್ಲ.

"ಮಿಷಿನ್ ಸುಳ್ಳು ಹೇಳಲ್ಲ. ನೆಕ್ಸ್ಟ್!"

"ಈ ತಿಂಗ್ಳು ಹಿಂಗೆ ಎಷ್ಟು ಮನೆಗೆ ಟೈಮ್ ಔಟ್ ಮಾಡ್ದೆ, ಕದಿರೇಶ?" ಎಂದೆ.

ಅವನು ತಣ್ಣಗೆ ನಕ್ಕ. "ಸುಮ್ಕಿರು ಮಾವ. ಅರ್ಜೀಲಿ ನೀನ್ ಒತ್ತಿರೋ ಕಳ್ ಹೆಬ್ಬೆಟ್ನೆಲ್ಲ ಸಾಹೇಬ್ರಿಗೆ ತೋರ್ಸ್ಲಾ?"

ಮಾಲೂರು ತಾಲ್ಲೂಕಿಗೇ ದೊಡ್ಡ ಬಾಯಿ ನನ್ನದು. ಆದರೂ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದೆ.

ಮುತ್ಯಾಲಮ್ಮ ನನ್ನ ಮುಖ ನೋಡಿದಳು. ಆಮೇಲೆ ಸೀರೆ ಎತ್ತಿಕಟ್ಟಿ, ಒಳಗೆ ನುಗ್ಗಿ, ಅಕ್ಕಿ ತೂಗುವ ತಕ್ಕಡಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಮೂವತ್ತಾರು ಕೆಜಿ ತೋರಿಸಿತು. ಈ ಅಂಕಿಗೆ ನಾನು ಏನೂ ಸೇರಿಸಿಲ್ಲ.

"ಇಳಿಯೇ ಮುಂಡೆ! ಜನ ಕಾಯ್ತಾವ್ರೆ!"

"ಕಾಯ್ಲಿ. ನನ್ ಅಕ್ಕಿ ಕೊಡೋಗಂಟ ಇದ್ರಾಗೆ ಒಂದ್ ಕಾಳೂ ತೂಗಂಗಿಲ್ಲ."

ಕದಿರೇಶ ಸಾಲಿನ ಕಡೆ ನೋಡಿದ. ಮುಂದೆ ನಮ್ಮ ಕೇರಿಯ ಶೋಭಾರಾಣಿ ಇದ್ದಳು. ಅವಳು ಅವನನ್ನೇ ದಿಟ್ಟಿಸಿದಳು.

"ನಮ್ದೂ ಹೋದ್ ತಿಂಗ್ಳು ಹಿಂಗೇ ಆಗಿತ್ತು ಕಣಕ್ಕಾ," ಎನ್ನುತ್ತ, ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿ ಕೂತಳು.