ಕಿಟಕಿ ಪಕ್ಕದ ಮೆಷಿನ್

ಕರುಳಿನ ಹುಣ್ಣು ಹಿಂಡಿ ಹಿಪ್ಪೆ ಮಾಡಿದ ಅಷ್ಟೂ ವರ್ಷ ಟೈಲರಕ್ಕನ ಹೊಲಿಗೆ ಮೆಷಿನ್ ಅಂಗಡಿಯ ಶೌಚಾಲಯದ ಬಾಗಿಲಿಗೆ ಅಂಟಿಕೊಂಡೇ ಇತ್ತು. ಅಂಗಿಯ ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಎರಡು ಸಲ ಎದ್ದು ಓಡಬೇಕಿತ್ತು. ಕೊನೆಗೆ ಡಾಕ್ಟರು ದೊಡ್ಡ ಕರುಳನ್ನೇ ತೆಗೆದುಹಾಕಿ, ಮಲ ಹೊರಬರಲು ಹೊಟ್ಟೆಯ ಮೇಲೆ ಹೊಸ ದಾರಿ ಮಾಡಿ, ಅದು ತುಂಬಿಕೊಳ್ಳಲು ಅಲ್ಲಿಗೊಂದು ಚೀಲ ಅಂಟಿಸಿದರು.

ಅವಳು ಕೆಲಸಕ್ಕೆ ಮರಳಿದ ದಿನ ಜೊತೆಯವರು ಅದೇ ಬಾಗಿಲ ಪಕ್ಕ ಮೆಷಿನ್ ಒರೆಸಿ, ಕುರ್ಚಿಗೆ ಮೆತ್ತೆ ಹಾಕಿ ಕಾಯುತ್ತಿದ್ದರು. ಪಾಪ, ಪ್ರೀತಿಯೇನೋ ನಿಜ. ಆದರೆ ಎಲ್ಲರ ಕಣ್ಣೂ ಅವಳ ಹೊಟ್ಟೆಯ ಮೇಲೆಯೇ. ಅಷ್ಟರಲ್ಲಿ ಚೀಲದೊಳಗಿಂದ ಗುರ್ರೆಂದು ಸದ್ದು ಬಂತು.

"ಏನ್ ಹಂಗ್ ನೋಡ್ತೀರಾ? ಅದಕ್ಕೂ ನಾಚಿಕೆ ಇಲ್ಲ, ನನಗೂ ಇಲ್ಲ," ಎಂದು ಅವಳು ಕಟಿಂಗ್ ಮಾಸ್ಟರ್ ಕಡೆ ತಿರುಗಿದಳು. "ಮಾಸ್ಟ್ರೇ, ನಾನು ಭಾರ ಎತ್ತಬಾರದಂತೆ. ನೀವೇ ಈ ಮೆಷಿನ್ ಎತ್ತಿ ಆ ಕಿಟಕಿ ಹತ್ರ ಇಡಿ."

ಮಾಸ್ಟರ್ ತಲೆ ಕೆರೆದುಕೊಂಡ. "ಅಲ್ಲಕ್ಕಾ, ಅಲ್ಲಿಂದ ಟಾಯ್ಲೆಟ್ ದೂರ ಆಗಲ್ವಾ?"

"ದೂರ ಆಗ್ಲಿ ಅಂತಾನೇ ಹೊಟ್ಟೆ ಕೊಯ್ಸ್ಕೊಂಡಿದ್ದು ಮಾಸ್ಟ್ರೇ, ಎತ್ತಿ!"